ತೊಟ್ಟಿಲಿಗೆ ಮೊದಲು ಕಲ್ಲು

ನಾನು ಚಿಕ್ಕವನಿದ್ದಾಗ, ಇನ್ನೂ ಎಂಟು ವರ್ಷ ತುಂಬುವುದರೊಳಗೆ, ಮಾವನಾದೆ. ನಗಬೇಡಿ. ಮೂಗು ಸರಿಯಾಗಿ ಒರೆಸಿಕೊಳ್ಳಲು ಬರದಿದ್ದರೇನಾಯಿತು, ಅಕ್ಕ ಹೆಣ್ಣು ಹೆತ್ತ ಮೇಲೆ ನಾನು ಸೋದರಮಾವನೇ ತಾನೇ? ರೋಣ ತಾಲ್ಲೂಕಿನ ಜಕ್ಕಲಿಯಲ್ಲಿ ನಮ್ಮ ಮನೆ. ಓಣಿಯ ಹೆಂಗಸರು "ಏ ಮಾವಯ್ಯ, ಬಾರಪಾ ಇಲ್ಲಿ" ಎಂದು ಕರೆದು ನನ್ನ ಗಲ್ಲ ಹಿಂಡುತ್ತಿದ್ದರು. ನಾನೂ ಮಾವನ ಗತ್ತಿನಲ್ಲಿ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೆ. ಆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ನಮ್ಮದು ಮಣ್ಣಿನ ಮನೆ. ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಮಲಗಬಹುದಿತ್ತು. ಗೋಡೆಯಿಂದ ಗೋಡೆಗೆ ದಪ್ಪ ದಪ್ಪ ಮರದ ತೊಲೆಗಳು, ಅವುಗಳ ಮೇಲೆ ಅಡ್ಡಡ್ಡ ಜಂತಿಗಳು, ಜಂತಿಗಳ ಮೇಲೆ ಹಲಗೆ, ಅದರ ಮೇಲೆ ಗಟ್ಟಿಯಾಗಿ ತುಳಿದ ಮಣ್ಣು. ಅದೇ ಮಾಳಿಗೆ. ಅಲ್ಲಿ ಅವ್ವ ಮೆಣಸಿನಕಾಯಿ ಒಣಗಿಸುತ್ತಿದ್ದಳು, ಬೇಸಿಗೆಯಲ್ಲಿ ನಾವೆಲ್ಲ ಮಲಗುತ್ತಿದ್ದೆವು. ಅಷ್ಟೂ ಭಾರವನ್ನು ತೊಲೆಗಳೇ ಹೊತ್ತಿದ್ದವು.

ಮನೆಯ ಒಂದು ಮೂಲೆಯಲ್ಲಿ ಬಾಣಂತಿ ಕೋಣೆ ಇತ್ತು. ಹಿಂದಿನ ವರ್ಷ ತಮ್ಮ ಹುಟ್ಟಿದಾಗ ಅವ್ವ ಅಲ್ಲೇ ಮಲಗಿದ್ದಳು, ಈಗ ಅಕ್ಕ. ಅಜ್ಜಿ, ಅಂದರೆ ನನ್ನ ಅಪ್ಪನ ತಾಯಿ, ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಹಳೆಯ ಅರಿವೆ ತುರುಕುತ್ತಿದ್ದಳು. ಮಾಳಿಗೆಯಲ್ಲಿ ಬೆಳಕಿಗಾಗಿ ಬಿಟ್ಟ ಬೆಳಕಿಂಡಿಯ ಮೇಲೆ ಕಲ್ಲು ಎಳೆಸುತ್ತಿದ್ದಳು. ಅಕ್ಕ ಮಲಗುವ ಹೊರಸಿನ ಕೆಳಗೆ ಕೆಂಡ. ಕೋಣೆಯ ಮೂಲೆಯಲ್ಲೇ ಒಂದು ಸಣ್ಣ ಬಚ್ಚಲು, ಅಲ್ಲಿ ದಿನಾಲೂ ಹಂಡೆಗಟ್ಟಲೆ ಸುಡುಸುಡು ನೀರು ಎರೆಯುತ್ತಿದ್ದರು. ನಮ್ಮದು ಒಣ ಸೀಮೆ ಕಣ್ರಪ್ಪಾ, ಬೇಸಿಗೆಯಲ್ಲಿ ಎರಿ ಹೊಲದ ಕಪ್ಪು ಮಣ್ಣು ಬಿರುಕು ಬಿಟ್ಟರೆ ನನ್ನ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆದರೆ ಆ ಕೋಣೆಯ ಬಾಗಿಲು ಸರಿಸಿದರೆ ಮುಖಕ್ಕೆ ಹಬೆ ಬಡಿಯುತ್ತಿತ್ತು. ಬೆಳ್ಳುಳ್ಳಿ, ಅಜವಾನದ ಹೊಗೆ, ಲೋಬಾನ, ಕೂಸಿನ ಮೈಗೆ ತಿಕ್ಕಿದ ಎಣ್ಣೆ, ಎಲ್ಲ ಕೂಡಿ ಬೆಚ್ಚಗಿನ ಒಂದು ವಾಸನೆ. ನನಗೆ ಆ ಕೋಣೆ ಬಹಳ ಇಷ್ಟ. ನನ್ನಂತೆ ಇನ್ನೂ ಕೆಲವರಿಗೆ ಅದು ಇಷ್ಟವಾಗಿತ್ತು ಎಂಬುದು ಆ ದಿನ ಗೊತ್ತಾಯಿತು.

ಆ ಕೋಣೆಯ ಅಟ್ಟದ ಮೇಲೆ ನಮ್ಮ ತೊಟ್ಟಿಲು ಇರುತ್ತಿತ್ತು. ಕೆಂಪು, ಹಳದಿ, ಹಸಿರು ಅರಗಿನ ಬಣ್ಣ, ನಾಲ್ಕೂ ಮೂಲೆಗೆ ಗಿಳಿ. ಅಪ್ಪ ಮಲಗಿದ್ದು ಅದರಲ್ಲೇ, ಅಕ್ಕ, ನಾನು, ತಮ್ಮ ಮಲಗಿದ್ದೂ ಅದರಲ್ಲೇ. ಸುತ್ತಲಿನ ಕಟ್ಟು ಸಾಗವಾನಿಯದು. ತಳದ ಹಲಗೆ ಸೀಳಿತ್ತೆಂದು ಅಪ್ಪ ತಮ್ಮನ ಹೊತ್ತಿಗೆ ಮಾವಿನ ಹಲಗೆ ಹಾಕಿಸಿ ಮೇಲೆ ಬಣ್ಣ ಬಳಿಸಿದ್ದ. ತಮ್ಮ ಅಂಬೆಗಾಲಿಡತೊಡಗಿದ ಮೇಲೆ ಅಜ್ಜಿ ಅದಕ್ಕೆ ಎರಡು ಕೌದಿ ಸುತ್ತಿಸಿ, ಅಟ್ಟದ ಮೇಲೆ ಗೋಡೆಗೆ ಒತ್ತಿ ಇಡಿಸಿದ್ದಳು. ಧೂಳು ಸಹ ತಾಗಬಾರದು ಎಂಬ ಕಾಳಜಿ ಅವಳದು.

ಶ್ರಾವಣ ಮಾಸ. ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಹಿಂದಿನ ದಿನವೇ ಪುರ್ತಗೇರಿಯಿಂದ ಅಕ್ಕನ ಅತ್ತೆ ಚಕ್ಕಡಿ ಹೂಡಿಸಿಕೊಂಡು ಬಂದಿದ್ದಳು, ಜೊತೆಗೆ ಅವಳ ಮಗಳು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಆ ಮಗಳೇ, ಕೂಸಿನ ಸೋದರತ್ತೆ. ಅಕ್ಕನ ಅತ್ತೆಯದು ಎತ್ತರದ ಆಳು, ಕಡ್ಡಿ ಮುರಿದಂತೆ ಮಾತು. ಚಕ್ಕಡಿ ಇಳಿದವಳೇ ಅಕ್ಕನ ಮೈ ಮುಟ್ಟಿ ನೋಡಿ, "ಇನ್ನೂ ಜ್ವರ ಅದಾವಲ್ಲ, ಏನ ಕಾಳಜಿ ಮಾಡ್ತೀರಿ?" ಎಂದಿದ್ದಳು. ಅಜ್ಜಿಗೆ ಅದು ಚುರ್ ಎಂದಿತ್ತು. ಆಗಿನಿಂದಲೇ ಇಬ್ಬರ ನಡುವೆ ಹೊಗೆ ಆಡುತ್ತಿತ್ತು.

ಬೆಳಿಗ್ಗೆ ಅಪ್ಪ ಅಟ್ಟ ಹತ್ತಿ ತೊಟ್ಟಿಲು ಇಳಿಸಿದ. ಕೆಳಗೆ ನಾನು ನಿಂತು ಹಿಡಿದುಕೊಂಡೆ. ಹೋದ ವರ್ಷ ಅಪ್ಪ ಅದನ್ನು ಎತ್ತುವಾಗ ಉಸ್ಸ್ ಎಂದಿದ್ದನ್ನು ನೋಡಿದ್ದೆ. ಈ ಸಲ ಅದು ನನ್ನ ಕೈಗೇ ಹಗುರಾಗಿ ಬಂತು! ಮಾವನಾದ ಮೇಲೆ ಮೈಯಲ್ಲಿ ಕಸುವು ಬಂದಿದೆ ಎಂದುಕೊಂಡೆ. ಅವ್ವನ ಮುಂದೆ, ಅಕ್ಕನ ಮುಂದೆ, ಸಿಕ್ಕಸಿಕ್ಕವರ ಮುಂದೆ "ತೊಟ್ಟಿಲ ನಾನs ಇಳಿಸೀನಿ" ಎಂದು ಹೇಳಿಕೊಂಡು ಬಂದೆ.

ಪಡಸಾಲೆಯ ತೊಲೆಗೆ ಸರಪಳಿ ಬಿಗಿದು ತೊಟ್ಟಿಲು ಕಟ್ಟಿದರು. ಒಳಗೆ ಮೆತ್ತನೆಯ ಕೌದಿ ಹಾಸಿದರು. ಅಡುಗೆಮನೆಯಿಂದ ಗುಗ್ಗರಿ ಬೇಯುವ ವಾಸನೆ, ಹೋಳಿಗೆಯ ಬೆಲ್ಲದ ವಾಸನೆ. ಹನ್ನೊಂದು ಗಂಟೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಂದು ಕೂತರು.

ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ನಮ್ಮಲ್ಲಿ ಕಲ್ಲು ಹಾಕುತ್ತಾರೆ. ಚಟ್ನಿ ಅರೆಯುವ ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಅದಕ್ಕೊಂದು ಕೂಸಿನ ಟೋಪಿ, ಕುಲಾವಿ, ತೊಡಿಸಿ, ಕೂಸಿನಂತೆ ಅರಿವೆಯಲ್ಲಿ ಸುತ್ತುತ್ತಾರೆ. ಆ ಕಡೆ ಇಬ್ಬರು, ಈ ಕಡೆ ಇಬ್ಬರು ನಿಂತು, "ತಗೋರಿ", "ಕೊಡ್ರಿ" ಎನ್ನುತ್ತ ತೊಟ್ಟಿಲಿನ ಕೆಳಗಿಂದ ಮೇಲಿಂದ ದಾಟಿಸಿ, ಕಡೆಗೆ ಒಳಗೆ ಮಲಗಿಸಿ ತೂಗುತ್ತಾರೆ. ಆಮೇಲೆ ಕಲ್ಲು ತೆಗೆದು ಕೂಸನ್ನು ಹಾಕುವುದು. ಯಾಕೆ ಹೀಗೆ ಎಂದು ಕೇಳಿದರೆ ಅಜ್ಜಿ "ಕೂಸು ಕಲ್ಲಿನಂಗ ಗಟ್ಟಿ ಆಗಲಿ ಅಂತ" ಎನ್ನುತ್ತಿದ್ದಳು. ನನಗೆ ಕಲ್ಲಿಗೆ ಕುಲಾವಿ ತೊಡಿಸುವುದನ್ನು ನೋಡುವುದೇ ಒಂದು ಮಜಾ.

ಅಂದು ಅಜ್ಜಿ ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ಒಂದು ಸಲ ತೂಗಿದಳು, ಇನ್ನೊಂದು ಸಲ ತೂಗಿದಳು. ಹಾಡು ಇನ್ನೂ ಮೊದಲ ಸಾಲು ದಾಟಿರಲಿಲ್ಲ. ಲಟಕ್ ಎಂದಿತು. ತೊಟ್ಟಿಲಿನ ತಳ ಕಳಚಿ, ಕೌದಿಯ ಸಮೇತ ಕಲ್ಲು ಧೊಪ್ಪನೆ ನೆಲಕ್ಕೆ ಬಿತ್ತು! ಸಗಣಿ ಸಾರಿಸಿದ ನೆಲದಲ್ಲಿ ಬೊಗಸೆಯಷ್ಟು ಕುಳಿ ಬಿತ್ತು. ಕುಲಾವಿ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು.

ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಅಕ್ಕ ಕೂಸನ್ನು ಎತ್ತಿಕೊಂಡು ಸರದಿಗಾಗಿ ನಿಂತಿದ್ದಳು. ಅವಳ ಮುಖ ಸುಣ್ಣದಂತೆ ಬೆಳ್ಳಗಾಯಿತು. ಕೂಸನ್ನು ಎದೆಗೆ ಒತ್ತಿಕೊಂಡಳು. ಅದನ್ನು ನೋಡಿ ನನಗೂ ಅಳು ಬಂತು.

ಮೊದಲು ಬಾಯಿ ತೆರೆದವಳು ಅಕ್ಕನ ಅತ್ತೆ. "ಹೆಸರಿಡೋ ದಿನ ತೊಟ್ಟಿಲ ಮುರೀತು. ಇದಕ್ಕಿಂತ ದೊಡ್ಡ ಅಪಶಕುನ ಯಾವುದೈತಿ? ಈ ಮನ್ಯಾಗ ಕೂಸಿನ ಹೆಸರಿಡೂದು ಬ್ಯಾಡ. ಕೂಸು ಬಾಣಂತಿನ್ನ ಈಗಿಂದೀಗ ಪುರ್ತಗೇರಿಗೆ ಕರಕೊಂಡ ಹೋಕ್ಕೀನಿ. ಲಗೂ ಬಂಡಿ ಹೂಡ್ರಿ!"

ಹೊರಗೆ ಮಳೆ. ಪುರ್ತಗೇರಿ ದಾರಿ ಅಂದರೆ ಎರಿ ಮಣ್ಣಿನ ರಾಡಿ, ಗಾಲಿ ಹೂತರೆ ಎತ್ತು ಮಂಡಿಯೂರಬೇಕು. ಜ್ವರದ ಬಾಣಂತಿ, ಹದಿಮೂರು ದಿನದ ಕೂಸು. ಅವ್ವ ಅಕ್ಕನ ಅತ್ತೆಯ ಕೈ ಹಿಡಿದು, "ಬ್ಯಾಡ್ರಿ, ದಾರ್‍ಯಾಗ ಏನರ ಆದರ ಹ್ಯಾಂಗ್ರಿ?" ಎಂದು ಬೇಡಿಕೊಂಡಳು.

ಅಜ್ಜಿ ಮಾತ್ರ ಬೇಡಿಕೊಳ್ಳುವ ಪೈಕಿ ಅಲ್ಲ. "ಏನ್ರಿ ಬೀಗತಿ, ಬಿದ್ದದ್ದು ಕಲ್ಲು, ಕೂಸಲ್ಲ. ದೇವಿ ಇಟಗಿ ಭೀಮವ್ವ ಕಾಯ್ದಾಳ. ಇದರಾಗ ಅಪಶಕುನ ಎಲ್ಲೈತ್ರಿ?" ಎಂದಳು.

"ಗಿಳಿ ಬರದು ಬಣ್ಣ ಹೊಡದ್ರ ಆತೇನ್ರಿ? ಮ್ಯಾಲ ಥಳಕು, ಒಳಗ ಹುಳುಕು!" ಎಂದಳು ಅಕ್ಕನ ಅತ್ತೆ. ಆ ಮಾತು ಅಪ್ಪನಿಗೆ ನಾಟಿತು. ಅವನ ಕಿವಿ ಕೆಂಪಗಾದದ್ದು ನನಗೆ ಕಾಣುತ್ತಿತ್ತು. ಅವನು ಬಗ್ಗಿ, ಮುರಿದ ಹಲಗೆಯ ಒಂದು ತುಂಡು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದ.

ಹಲಗೆ ಎನ್ನಲು ಅಲ್ಲಿ ಏನೂ ಉಳಿದಿರಲಿಲ್ಲ. ಮೇಲೊಂದು ಪದರು ಬಣ್ಣ, ಕೆಳಗೊಂದು ಪದರು ಬಣ್ಣ, ನಡುವೆ ಹಪ್ಪಳದಂಥ ಎಳೆಗಳು, ಒದ್ದೆ ಮಣ್ಣು. ಆ ಮಣ್ಣಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳನೆಯ ಹುಳಗಳು ಗಡಿಬಿಡಿಯಿಂದ ಓಡಾಡುತ್ತಿದ್ದವು. ಗೆದ್ದಲು. ನಮ್ಮ ಕಡೆ ಒರಲಿ ಎನ್ನುತ್ತೇವೆ. ತೊಟ್ಟಿಲು ಯಾಕೆ ಹಗುರಾಗಿತ್ತು ಎಂದು ನನಗೆ ಆಗ ತಿಳಿಯಿತು. ನನ್ನ ಕಸುವಿನ ಸುದ್ದಿ ಓಣಿಯೆಲ್ಲ ಸಾರಿ ಬಂದಿದ್ದೆನಲ್ಲ, ಥೂ!

"ಇವು ತೊಟ್ಟಿಲದಾಗ ಹುಟ್ಟಿದ್ದಲ್ಲ, ಎಲ್ಲಿಂದರ ಬಂದಾವ" ಎಂದ ಅಪ್ಪ. ಚಿಮಣಿ ಹಚ್ಚಿಕೊಂಡು ಬಾಣಂತಿ ಕೋಣೆಗೆ ಹೋಗಿ ಅಟ್ಟ ಹತ್ತಿದ. ನಾನೂ ಹಿಂದೆ ಹಿಂದೆ. ತೊಟ್ಟಿಲು ಇದ್ದ ಜಾಗದಲ್ಲಿ, ಗೋಡೆಯ ಮೇಲೆ, ಬೆರಳಿನಷ್ಟು ಅಗಲದ ಮಣ್ಣಿನ ಗೆರೆ ಇತ್ತು. ಅಪ್ಪ ಉಗುರಿನಿಂದ ಕೆರೆದ. ಒಳಗೆ ಪೊಳ್ಳು. ಆ ಪೊಳ್ಳಿನಲ್ಲಿ ಹುಳಗಳ ಸಾಲು. ಗೆದ್ದಲಿಗೆ ಬೆಳಕು ಆಗದು, ಒಣ ಗಾಳಿ ಆಗದು. ಅದಕ್ಕೇ ಎಲ್ಲಿಗೆ ಹೋದರೂ ಮಣ್ಣಿನ ಕೊಳವೆ ಕಟ್ಟಿಕೊಂಡೇ ಹೋಗುತ್ತದೆ. ಬಿಸಿಲು ತಾಗದಂತೆ ತಲೆಗೆ ಸೆರಗು ಹೊದ್ದು ಹೊರಟ ಹೆಂಗಸಿನ ಹಾಗೆ.

ಅಪ್ಪ ಆ ಗೆರೆಯನ್ನು ಹಿಡಿದು ಕೆಳಗೆ ಇಳಿದ. ಗೆರೆ ಗೋಡೆಗುಂಟ ಇಳಿದು ಮೂಲೆಯ ಬಚ್ಚಲಿಗೆ ಬಂತು. ಅಲ್ಲಿ ಗೋಡೆಯ ಬುಡ ಮುಟ್ಟಿದರೆ ಮೆತ್ತಗೆ, ಒದ್ದೆ. ಬಚ್ಚಲ ನೀರು ಹೊರಗೆ ಹೋಗುವ ತೂಬು ಕಟ್ಟಿಕೊಂಡಿತ್ತು. ಹೋದ ವರ್ಷದಿಂದ ಎರೆದ ನೀರೆಲ್ಲ ಹೊರಗೆ ಹೋಗದೆ ಗೋಡೆಯೊಳಗೇ ಇಂಗಿತ್ತು. ಬೆಚ್ಚಗೆ, ಕತ್ತಲೆ, ತೇವ, ಗಾಳಿಯ ಸುಳಿವಿಲ್ಲ. ಬಾಣಂತಿಗೆಂದು ಅಜ್ಜಿ ಮಾಡಿದ್ದೆಲ್ಲ ಒರಲಿಗೂ ಒಪ್ಪಿತ್ತು. ಎರಡು ಬಾಣಂತನ ಅವಕ್ಕೂ ಚೆನ್ನಾಗಿ ಆಗಿತ್ತು.

ಅಷ್ಟಕ್ಕೇ ಅಪ್ಪ ನಿಲ್ಲಲಿಲ್ಲ. ಗೆರೆ ಅಟ್ಟದಿಂದ ಮೇಲಕ್ಕೂ ಹೋಗಿತ್ತು. ಚಿಮಣಿ ಎತ್ತಿ ಹಿಡಿದ. ಗೆರೆ ತೊಲೆಯ ತುದಿ ಗೋಡೆಯಲ್ಲಿ ಹೊಕ್ಕ ಜಾಗದಲ್ಲಿ ಮಾಯವಾಗಿತ್ತು.

"ಏ, ದಬ್ಬಣ ತಗೊಂಡ ಬಾ" ಎಂದ. ಗೋಣಿಚೀಲ ಹೊಲಿಯುವ ಗೇಣುದ್ದದ ಸೂಜಿ ಅದು. ಓಡಿಹೋಗಿ ತಂದುಕೊಟ್ಟೆ. ಅಪ್ಪ ತೊಲೆಯ ನಡುವೆ ಚುಚ್ಚಿದ, ಮೊನೆ ಕೂಡ ಇಳಿಯಲಿಲ್ಲ. ಗೋಡೆಯ ಕಡೆಗೆ ಸರಿದು ಚುಚ್ಚಿದ. ಬೆಣ್ಣೆಗೆ ಚುಚ್ಚಿದಂತೆ ದಬ್ಬಣ ಪೂರಾ ಒಳಗೆ ಹೋಯಿತು. ಅಪ್ಪ ಅದನ್ನು ಹಾಗೇ ಬಿಟ್ಟು ಕೆಳಗೆ ನೋಡಿದ. ನಾನೂ ನೋಡಿದೆ. ತೊಲೆಯ ಕೆಳಗೆ ಅಕ್ಕನ ಹೊರಸು. ಅದರ ಮೇಲೆ ಕೂಸಿನ ಪುಟ್ಟ ಅರಿವೆ ಇನ್ನೂ ಹಾಸಿಯೇ ಇತ್ತು.

ಇಷ್ಟು ಹೊತ್ತಿಗೆ ಅಕ್ಕನ ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದಳು. ತೊಲೆಯಲ್ಲಿ ಸಿಕ್ಕ ದಬ್ಬಣ ನೋಡಿದಳು, ಹೊರಸು ನೋಡಿದಳು. ಅವಳ ಮೋರೆಯಲ್ಲಿದ್ದ ಸಿಟ್ಟೆಲ್ಲ ಇಳಿದು ಹೋಯಿತು. ಹೊಸ್ತಿಲಲ್ಲಿ ನಿಂತ ಅಕ್ಕನ ರಟ್ಟೆ ಹಿಡಿದು ಪಡಸಾಲೆಯ ನಡುವಿಗೆ ಕರೆತಂದು ಕೂರಿಸಿದಳು. ಆಮೇಲೆ ಅಂಗಳದತ್ತ ತಿರುಗಿ, "ಬಂಡಿ ಬಿಚ್ಚೋ!" ಎಂದು ಕೂಗಿದಳು.

"ಯಾಕ್ರಿ, ಹೋಗ್ತೀನಿ ಅಂದ್ರೆಲ್ಲಾ?" ಎಂದಳು ಅಜ್ಜಿ, ಬಿಡಬೇಕಲ್ಲ.

"ಸುಮ್ಮಕಿರ್‍ರಿ ಬೀಗತಿ. ಆ ಕಲ್ಲು ಬೀಳದಿದ್ರ ಇವತ್ತು ರಾತ್ರಿನೂ ಇವರಿಬ್ರು ಆ ತೊಲಿ ಕೆಳಗs ಮಲಗತಿದ್ರು." ಅಕ್ಕನ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಚಲೋ ಶಕುನನs ಆತು ಬಿಡ್ರಿ. ಮೊದಲ ಖೋಲಿ ಖಾಲಿ ಮಾಡ್ರಿ."

ಅದನ್ನು ಕೇಳಿ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ತನ್ನ ಬೀಗತಿಯನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಒಳಗೆ ಹೋಗಿ ಅವಳಿಗೆ ಒಂದು ತಂಬಿಗೆ ನೀರು ತಂದುಕೊಟ್ಟಳು. ಅಜ್ಜಿಯ ಕಡೆಯಿಂದ ಅದು ದೊಡ್ಡ ಮಾತು.

ಎದುರು ಮನೆಯವರು ಎರಡು ಗಟ್ಟಿ ಕಂಬ ಹೊತ್ತು ತಂದು ತೊಲೆಗೆ ಆಸರೆ ಕೊಟ್ಟರು. ಅಪ್ಪ ದಬ್ಬಣ ಹಿಡಿದು ಮನೆಯ ಎಲ್ಲ ತೊಲೆ, ಎಲ್ಲ ಕಂಬ ಚುಚ್ಚುತ್ತ ಬಂದ. ಹಿಂದೆ ಅಕ್ಕನ ಅತ್ತೆ, "ಇಲ್ಲಿ ಚುಚ್ಚರಿ ಬೀಗರ, ಅಲ್ಲಿ ಚುಚ್ಚರಿ" ಎನ್ನುತ್ತ. ಒರಲಿ ಹತ್ತಿದ್ದು ಆ ಕೋಣೆಯಲ್ಲಿ ಮಾತ್ರ. ಪಡಸಾಲೆಯ ತೊಲೆ ಬೇವಿನದು, ದಬ್ಬಣದ ಮೊನೆಯೇ ಬಾಗಿತು.

ಇನ್ನು ತೊಟ್ಟಿಲು? ಅಕ್ಕನ ಅತ್ತೆ ತನ್ನ ಗಂಟು ಬಿಚ್ಚಿ, ಅಕ್ಕನಿಗೆಂದು ತಂದಿದ್ದ ಹೊಚ್ಚಹೊಸ ಇಳಕಲ್ ಸೀರೆ ಹೊರತೆಗೆದಳು. ಅದನ್ನೇ ಆ ಬೇವಿನ ತೊಲೆಗೆ ಜೋಳಿಗೆ ಕಟ್ಟಿಸಿದಳು. ಅವ್ವ ಕೂಸನ್ನು ಎತ್ತಿಕೊಂಡು ಬಂದಾಗ, "ತಡೀರಿ, ಕಲ್ಲು ಎಲ್ಲಿ?" ಎಂದಳು. ನೆಲದಲ್ಲಿ ಬಿದ್ದಿದ್ದ ಕಲ್ಲನ್ನು ತಾನೇ ಎತ್ತಿ ಒರೆಸಿದಳು. ನಾನು ಕುಲಾವಿ ತಂದುಕೊಟ್ಟೆ. ಅವಳು ಕಲ್ಲಿಗೆ ಕುಲಾವಿ ತೊಡಿಸಿ, ಜೋಳಿಗೆಯಲ್ಲಿ ಮಲಗಿಸಿ, ಜೋರಾಗಿ ತೂಗಿದಳು. ಎಲ್ಲರ ಕಣ್ಣೂ ತೊಲೆಯ ಮೇಲೆ. ಸೀರೆಯ ಗಂಟು ಕಿರ್ರ್ ಎಂದಿತು ಅಷ್ಟೆ. ಕಲ್ಲು ಹಾಯಾಗಿ ಆಕಡೆ ಈಕಡೆ ಓಲಾಡಿತು. ಆಮೇಲೆ ಕೂಸು. ಅದು ಒಮ್ಮೆ ಆಕಳಿಸಿ ನಿದ್ದೆ ಹೋಯಿತು. ಅಕ್ಕನ ಅತ್ತೆಯ ಮಗಳು ಬಗ್ಗಿ ಕಿವಿಯಲ್ಲಿ ಹೆಸರು ಉಸುರಿದಳು. ಹೆಸರು ಹೇಳಿದವಳ ಬೆನ್ನಿಗೆ ಉಳಿದವರು ಗುದ್ದಬೇಕು, ಅದೂ ಒಂದು ಪದ್ಧತಿ. ಅಜ್ಜಿ ಅವಳಿಗೆ ಒಂದು ಗುದ್ದಿ, ಪಕ್ಕದಲ್ಲಿದ್ದ ಅವಳ ತಾಯಿಗೂ ಒಂದು ಗುದ್ದಿದಳು! ಇಬ್ಬರು ಮುದುಕಿಯರೂ ನಕ್ಕರು. ನಾನು ಎರಡು ಬೊಗಸೆ ಗುಗ್ಗರಿ ತಿಂದೆ.

ಮುಂದೆ ಕೆಲಸ ಬಹಳ ದಿನ ನಡೆಯಿತು. ಬಚ್ಚಲ ಮೂಲೆ ಅಗೆದಾಗ ಜೇನುಹುಟ್ಟಿನಂಥ ಬೂದು ಬಣ್ಣದ ಗೂಡು ಸಿಕ್ಕಿತು. ಅಪ್ಪ ಅದನ್ನು ಕಿತ್ತು, ಕುದಿಯುವ ನೀರು ಹೊಯ್ದು, ಕಲ್ಲುಚೂರು ಸುಣ್ಣ ತುಂಬಿ, ಧಮ್ಮಸು ಹೊಡೆದು ಗಟ್ಟಿ ಮಾಡಿದ. ಹೊಸ ಬಚ್ಚಲಿಗೆ ಕಲ್ಲುಚಪ್ಪಡಿ ಹಾಕಿ, ನೀರು ಹೊರಗೇ ಹರಿಯುವಂತೆ ಇಳಿಜಾರು ಕೊಟ್ಟ. ಸುಗ್ಗಿ ಮುಗಿದ ಮೇಲೆ ಬೇವಿನ ತೊಲೆ ಏರಿಸಿ, ಗೋಡೆಯೊಳಗೆ ಹೋಗುವ ತುದಿಗಳಿಗೆ ಡಾಂಬರು ಬಳಿದ. ತೊಟ್ಟಿಲಿಗೂ ಬೇವಿನ ತಳ ಬಂತು. ಬೆಳಕಿಂಡಿಯ ಕಲ್ಲು ಸರಿಸಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ಕಡೆಗೆ ಅಜ್ಜಿಯೇ ಹೇಳಿದಳು: "ಸರಸ್ರಪಾ. ಗಾಳಿ ಬಾಣಂತಿಗೆ ಬ್ಯಾಡ, ಮನಿಗೆ ಬೇಕು." ಅಂದಿನಿಂದ ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಅಟ್ಟದ ಸಾಮಾನೆಲ್ಲ ಬಿಸಿಲಿಗೆ ಬರಬೇಕು, ದಬ್ಬಣ ಹಿಡಿದು ಪ್ರತಿ ಕಂಬ ಚುಚ್ಚಬೇಕು. ಆ ಕೆಲಸ ಮಾವನದು, ಅಂದರೆ ನನ್ನದು.

ಬಾಣಂತನ ಮುಗಿಸಿ ಅಕ್ಕ ಪುರ್ತಗೇರಿಗೆ ಹೊರಟಾಗ ಅಜ್ಜಿ ಆ ಗುಂಡುಕಲ್ಲನ್ನು ಅವಳ ಉಡಿಯಲ್ಲಿ ಹಾಕಿದಳು. "ಇದು ಈ ಕೂಸಿನ ಕಲ್ಲು. ಕೂಸಿನ ಜೋಡಿನs ಹೋಗಲಿ" ಎಂದಳು. ಮುಂದೆ ಎಷ್ಟೋ ದಿನ ನಾವು ಚಟ್ನಿಯನ್ನು ಎದುರು ಮನೆಯ ಒರಳಲ್ಲಿ ಅರೆದುಕೊಂಡು ಬರುತ್ತಿದ್ದೆವು.

ಈಗ ನಿಮ್ಮ ಕಾಲಕ್ಕೆ ಬರೋಣ, ಮೊಮ್ಮಕ್ಕಳೇ. ಹುಬ್ಬಳ್ಳಿಯ ಈ ಸಿಮೆಂಟಿನ ಮನೆಗೆ ಗೆದ್ದಲು ಬರುವುದಿಲ್ಲ ಎಂದಿದ್ದಿರಿ. ಹೋದ ತಿಂಗಳು ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ನಿಮ್ಮ ಅಮ್ಮನ ಕೈಗೇ ಬಂತಲ್ಲ? ಮೇಲೆ ನುಣುಪಾದ ಹಾಳೆ, ಒಳಗೆ ಮಣ್ಣು! ಮೂಗಿಗೆ ಬಟ್ಟೆ ಕಟ್ಟಿದ ಮನುಷ್ಯ ಬಂದು, ಗೋಡೆಯ ಬುಡಕ್ಕೆ ತೂತು ಕೊರೆದು, ಔಷಧಿ ಹಾಕಿ ಹೋದ. ಒಳ್ಳೆಯದೇ ಆಯಿತು, ಅಪ್ಪನಿಗೆ ಆ ಔಷಧಿ ಗೊತ್ತಿರಲಿಲ್ಲ. ಆದರೆ "ಮೊದಲು ಸಿಂಕಿನ ಪೈಪು ಸೋರುತ್ತದೇನು ನೋಡ್ರೋ" ಎಂದು ಕೂಗಿಕೊಂಡವನು ನಾನೊಬ್ಬನೇ. ಸೋರುತ್ತಿತ್ತೋ ಇಲ್ಲವೋ? ಬೆಚ್ಚಗೆ, ಕತ್ತಲೆ, ತೇವ. ಗೆದ್ದಲಿಗೆ ಮಣ್ಣಿನ ಮನೆ, ಸಿಮೆಂಟಿನ ಮನೆ ಎಂಬ ಭೇದವಿಲ್ಲ.

ನಾಳೆ ನಿಮ್ಮ ಪುಟ್ಟ ತಂಗಿಗೆ ಹೆಸರಿಡುತ್ತೇವೆ. ಫಳಫಳ ಹೊಳೆಯುವ ಸ್ಟೀಲಿನ ತೊಟ್ಟಿಲು ಬಂದಿದೆ. "ಸ್ಟೀಲಿಗೆ ಗೆದ್ದಲು ಹತ್ತೋದಿಲ್ಲ, ಕಲ್ಲು ಯಾಕಜ್ಜ? ನಮ್ಮನೇಲಿ ಕಲ್ಲೇ ಇಲ್ಲ, ಮಿಕ್ಸರಿನ ಜಾರ್ ಇಡೋಣವಾ?" ಎಂದು ಕೇಳಿದಿರಿ. ಎಲಾ ಕಿಲಾಡಿಗಳಾ! ಜಾರೂ ಬೇಡ, ಗೀರೂ ಬೇಡ. ಪ್ರತಿ ಪಂಚಮಿಗೆ ನಿಮಗೆ ಉಂಡೆ ತರುತ್ತಾಳಲ್ಲ, ರೋಣದಜ್ಜಿ, ಅಂದು ಆ ಸೀರೆಯ ಜೋಳಿಗೆಯಲ್ಲಿ ಆಕಳಿಸಿದ ಕೂಸು ಅವಳೇ. ಬೆಳಿಗ್ಗೆ ಫೋನು ಮಾಡಿದ್ದಳು. ನರಗುಂದದ ಮೇಲೆ ಬರುವ ಬಸ್ಸು ಹತ್ತಿದ್ದಾಳೆ, ಕೂರಲು ಜಾಗವೂ ಸಿಕ್ಕಿದೆಯಂತೆ. ಚೀಲವನ್ನು ಕೆಳಗಿಟ್ಟು, ಅರಿವೆಯಲ್ಲಿ ಸುತ್ತಿದ ಗುಂಡುಕಲ್ಲನ್ನು ಮಾತ್ರ ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಳೆ. ಕಂಡಕ್ಟರ್ ನೋಡಿ, "ಕೂಸು ಮಲಗೇತೇನ್ರಿ ಅಜ್ಜಿ?" ಎಂದನಂತೆ.

"ಹೂಂನಪಾ, ನನಗಿಂತ ದೊಡ್ಡದೈತಿ ಇದು" ಎಂದಳಂತೆ ನನ್ನ ಸೋದರಸೊಸೆ.